ಲಾಲ್ಜಿಗೆ ಕಿಟಕಿ ಪಕ್ಕದ ಸೀಟು

…ನನಗಾ? ಅಯ್ಯೋ, ನನಗೇನು ಬೇಕಮ್ಮ! ಯಾವ ಬ್ಯಾಂಕಾಕು, ಯಾವ ಸಿಂಗಾಪುರ! ಈ ನಡಿಯಾದಿನಲ್ಲಿ ಹುಟ್ಟಿದ ಬೀದಿ ಒಂದು, ಮದುವೆಯಾಗಿ ಬಂದ ಬೀದಿ ಒಂದು, ಮಧ್ಯೆ ತರಕಾರಿ ಮಾರ್ಕೆಟ್ಟು… ನನ್ನ ಪ್ರಪಂಚ ಅಷ್ಟೇ, ನನಗೆ ಅದೇ ಸಾಕು. ನಾನು ಕೇಳ್ತಿರೋದು ಲಾಲ್ಜಿಗೋಸ್ಕರ.

ಮೆಲ್ಲಗೆ ಮಾತಾಡು ಬಿಜಲ್. ಈಗಷ್ಟೇ ಅವನಿಗೆ ಊಟ ಮಾಡಿಸಿ, ಮಲಗಿಸಿ, ಪರದೆ ಎಳೆದು ಬಂದಿದ್ದೀನಿ. ನಾಲ್ಕು ಗಂಟೆಗೆ ಎಬ್ಬಿಸಬೇಕು. ನಿನ್ನ ಮಾವನವರದ್ದು ಐದಕ್ಕೆ… ಗೊರಕೆ ಕೇಳಿಸ್ತಿದೆಯಲ್ಲ? ಠಾಕೋರ್ಜಿ ಎದ್ದರೂ ಅವರು ಏಳಲ್ಲ.

ಆ ಫೋನು ಸ್ವಲ್ಪ ಈ ಕಡೆ ತಿರುಗಿಸು. ತಿರುಗಿಸೇ! ಅತ್ತೆಗೆ ತೋರಿಸಬಾರದಂಥದ್ದು ಏನಿದೆ ಅದರಲ್ಲಿ? ಹ್ಞಾ… ಬ್ಯಾಂಕಾಕು ಎರಡು ರಾತ್ರಿ, ಸಿಂಗಾಪುರ ಎರಡು, ಬಾಲಿ ಮೂರು. ಕೇಯೂರ್ ಮಾಡಿದ್ದಾ? ಹೆತ್ತವಳು ಹೇಳಬಾರದು, ಆದರೂ ಹೇಳ್ತೀನಿ, ನನ್ನ ಮಗನಿಗೆ ಬುದ್ಧಿ ಸ್ವಲ್ಪ ಕಮ್ಮಿ. ಬ್ಯಾಂಕಾಕಿನಲ್ಲಿ ಇಡೀ ಒಂದು ದಿನ ಬಟ್ಟೆ ಅಂಗಡಿಗೆ ಇಟ್ಟಿದ್ದಾನಲ್ಲ! ಸೂರತ್ತನ್ನ ಪಕ್ಕದಲ್ಲಿ ಇಟ್ಟುಕೊಂಡು ಬಟ್ಟೆ ತರೋಕೆ ಯಾರಾದರೂ ವಿಮಾನ ಹತ್ತುತ್ತಾರಾ? ಆ ದಿನ ಕಿತ್ತು ಬಾಲಿಗೆ ಹಾಕು. ಬಾಲಿಗೆ ಮೂರು ದಿನ ಯಾತಕ್ಕೂ ಸಾಲಲ್ಲ. ಉತ್ತರದ ಕಡೆ ಜಲಪಾತಕ್ಕೇ ಒಂದು ದಿನ ಬೇಕು, ದಾರಿ ಬಹಳ ಸುತ್ತು.

ಯಾಕೆ ನಗ್ತೀಯ?

ನನಗೆ ಹೇಗೆ ಗೊತ್ತು ಅಂದರೆ… ಕುಮುದಬೆನ್ ಹೇಳಿದಳು. ಪಕ್ಕದ ಮನೆ ಅಂದಮೇಲೆ ಅದೂ ಇದೂ ಮಾತು ಬರುತ್ತೆ. ಏನು? ಕುಮುದಬೆನ್ ದ್ವಾರಕೆ ದಾಟಿ ಹೋಗಿಲ್ವಾ? ಅವಳ ತಂಗಿ ಹೋಗಿರಬಹುದು! ಪೊಲೀಸರ ಥರ ಕೇಳಬೇಡ. ಫೋನಲ್ಲಿ ಹವೇಲಿ ಗುಡಿಯ ಕೀರ್ತನೆ ಕೇಳ್ತಾ ಕೂತರೆ ಒಂದಾದ ಮೇಲೆ ಒಂದು ತಾನಾಗೇ ಬರುತ್ತಮ್ಮ. ಮೊದಲು ಕೀರ್ತನೆ, ಆಮೇಲೆ ಗೋವರ್ಧನ ಪರ್ವತ, ಆಮೇಲೆ ಬೇರೆ ಪರ್ವತ, ಆಮೇಲೆ ಜಲಪಾತ… ನಾನೇನು ಹುಡುಕಿಕೊಂಡು ಹೋದೆನಾ?

ನಾನು ಹೇಳೋದು ಇಷ್ಟೇ. ನಮ್ಮ ಮನೆ ಠಾಕೋರ್ಜಿ, ನಮ್ಮ ಲಾಲ್ಜಿ, ಗೋಡೆಗೆ ಹಾಕಿದ ಪಟ ಅಲ್ಲ. ಬೆರಳುದ್ದದ ಪುಟ್ಟ ಕೃಷ್ಣ ಆದರೂ ಮನೆ ಮಗು. ಬೆಳಿಗ್ಗೆ ಎಬ್ಬಿಸ್ತೀವಿ, ಸ್ನಾನ ಮಾಡಿಸ್ತೀವಿ, ಬಟ್ಟೆ ಹಾಕ್ತೀವಿ, ಕನ್ನಡಿ ತೋರಿಸ್ತೀವಿ, ಉಣ್ಣಿಸ್ತೀವಿ, ಮಲಗಿಸ್ತೀವಿ. ಮನೆಯವರು ಮೊದಲ ಸಲ ವಿದೇಶಕ್ಕೆ ಹೊರಟಾಗ ಮಗೂಗೆ ಆಸೆ ಆಗಲ್ವಾ? ಬಾಯಿ ಬಿಟ್ಟು ಕೇಳಲ್ಲ, ಸರಿ. ಕೇಳಲ್ಲ ಅಂದಮಾತ್ರಕ್ಕೆ ಆಸೆ ಇಲ್ಲ ಅಂತಲಾ?

ಕೇಯೂರ್ ಈ ಪ್ರವಾಸದ ಸುದ್ದಿ ಎತ್ತಿದ ದಿನದಿಂದ ಅವನ ಮುಖ ನೋಡು ನೀನು. ಲಾಲ್ಜಿ ಮುಖ. ಸಪ್ಪಗಿದೆ. ಅವತ್ತು ಕಲ್ಲುಸಕ್ಕರೆ ಇಟ್ಟರೆ… ಇಟ್ಟ ಹಾಗೇ ಇತ್ತು.

ದಿನಾ ಇಟ್ಟ ಹಾಗೇ ಇರುತ್ತಾ? ಏಯ್, ಅಧಿಕಪ್ರಸಂಗಿ! ನಿಮ್ಮಮ್ಮ ಇದನ್ನೇ ಕಲಿಸಿ ಕಳಿಸಿದ್ದಾ?

ನಾನು ಇಷ್ಟೂ ಯೋಚನೆ ಮಾಡಿದ್ದು ಶಾಸ್ತ್ರಕ್ಕೆ ಸರಿಯಾಗೇ. ನೋಡು, ಬೇಸಿಗೆಯಲ್ಲಿ ಅವನಿಗೆ ಬೋಗುಣಿ ತುಂಬ ನೀರು ಹಾಕಿ ಬೆಳ್ಳಿ ದೋಣಿಯಲ್ಲಿ ಕೂರಿಸ್ತೀವಾ? ಕೂರಿಸ್ತೀವಿ. ಬ್ಯಾಂಕಾಕಿನಲ್ಲಿ ಏನಿದೆ? ನೀರಿನ ಮೇಲೆ ತೇಲೋ ಸಂತೆ! ಹೆಂಗಸರೇ ದೋಣಿ ನಡೆಸ್ತಾ ಮಾವಿನಹಣ್ಣು ಮಾರ್ತಾರೆ. ಹವೇಲಿಯಲ್ಲಿ ಹೂವಿನ ಮಂಟಪ ಕಟ್ಟಿ ಅವನನ್ನ ಒಳಗೆ ಕೂರಿಸಲ್ವಾ? ಸಿಂಗಾಪುರದಲ್ಲಿ ಇಡೀ ಗಾಜಿನ ಮನೆ ತುಂಬ ಹೂವು. ಅದರಾಚೆ ಆ ದೀಪದ ಮರಗಳು… ಅವು ಹೊತ್ತಿಕೊಳ್ಳೋ ಹೊತ್ತಿಗೆ ಅವನ ಮಲಗೋ ಸಮಯ ಆಗಿರುತ್ತೆ, ನಿಜ. ಪರವಾಗಿಲ್ಲ, ಶರತ್ ಹುಣ್ಣಿಮೆ ದಿನ ಎದ್ದಿರಲ್ವಾ ಅವನು? ಹಾಗೇ ಅಂದುಕೊಂಡರಾಯ್ತು.

ಇನ್ನು ಬಾಲಿ. ಬಾಲಿಯಲ್ಲಿ ಉಯ್ಯಾಲೆ! ಶ್ರಾವಣ ಪೂರ್ತಿ ಲಾಲ್ಜಿಯನ್ನ ಉಯ್ಯಾಲೆಯಲ್ಲಿ ತೂಗಿ ತೂಗಿ ನನ್ನ ಕೈ ಬಿದ್ದುಹೋಗಿದೆ, ಅಷ್ಟು ಇಷ್ಟ ಅವನಿಗೆ. ಅಲ್ಲಿ ಎರಡು ತೆಂಗಿನಮರಕ್ಕೆ ಹಗ್ಗ ಕಟ್ಟಿರ್ತಾರೆ, ಕೆಳಗೆ ನೋಡಿದರೆ ಬರೀ ಕಣಿವೆ, ಕಾಡು. ಅವನನ್ನ ಒಬ್ಬನೇ ಕೂರಿಸೋಕಾಗಲ್ಲ. ಯಾರಾದರೂ ಮಡಿಲಲ್ಲಿ ಇಟ್ಟುಕೊಂಡು ಕೂರಬೇಕು. ನಿನಗೆ ಕಂಕರಿಯಾ ಕೆರೆ ಹತ್ತಿರದ ರಾಟೆ ತೊಟ್ಟಿಲಲ್ಲೇ ತಲೆ ತಿರುಗಿತ್ತು. ಕೇಯೂರ್ ಕೂತರೆ ಹಗ್ಗ ಕಿತ್ತು ಬರುತ್ತೆ. ಬೇರೆ ಯಾರಾದರೂ… ಕೂರಬೇಕಾಗುತ್ತೆ. ಅಲ್ಲಿ ಉದ್ದ ಸೆರಗಿನ ಕೆಂಪು ಗೌನು ಕೂಡ ಬಾಡಿಗೆಗೆ ಸಿಗುತ್ತಂತೆ, ಗಾಳಿಗೆ ಪತಾಕೆ ಹಾರಿದ ಹಾಗೆ ಹಾರುತ್ತೆ… ಹ್ಞಾ? ಲಾಲ್ಜಿಗೆ ಗೌನು ಯಾಕೆ ಅಂತೀಯಾ? ಅವನಿಗೆ ಅಂತ ನಾನೆಲ್ಲಿ ಅಂದೆ? ಇದೆ ಅಂತ ಹೇಳಿದೆ ಅಷ್ಟೇ. ಸುದ್ದಿ.

ನಗಬೇಡ. ಮಾವನವರು ಎದ್ದಾರು.

ಅವರಾ? ಅವರು ಬರೋ ಮಾತೇ ಇಲ್ಲ. ಇಲ್ಲೇ ಪಕ್ಕದ ಡಾಕೋರ್ ಗುಡಿಗೆ ಹೋಗೋ ಬಸ್ಸಿನಲ್ಲೇ ವಾಂತಿ ಮಾಡೋ ಮನುಷ್ಯ. ‘ಟೀವಿಯಲ್ಲಿ ಎಲ್ಲಾ ಬರುತ್ತಲ್ಲ’ ಅಂತಾರೆ. ಆಣಂದಿನಲ್ಲಿ ಅವರಕ್ಕ ಇದ್ದಾರೆ. ಒಂದು ವಾರ ಅಲ್ಲಿದ್ದು ಖಿಚಡಿ ತಿಂದುಕೊಂಡು ಇರ್ತೀನಿ ಅಂತ ಅವರೇ ಒಪ್ಪಿ… ಅಂದರೆ, ಸುಮ್ಮನೆ, ಮಾತಿಗೆ ಮಾತು ಬಂದಿತ್ತು.

ಯಾವಾಗ ಬಂದಿತ್ತೋ ನೆನಪಿಲ್ಲ ಕಣೇ!

ಎಲ್ಲಿದ್ದೆ? ಹ್ಞಾ, ವಿಮಾನ. ಲಾಲ್ಜಿಗೆ ಕಿಟಕಿ ಪಕ್ಕದ ಸೀಟೇ ಬೇಕು. ಮಧ್ಯದಲ್ಲಿ ಕೂರಿಸಿದರೆ ಮಗು ಏನು ನೋಡಬೇಕು, ಎದುರಿನವರ ಬೋಳುತಲೆಯನ್ನಾ? ಇನ್ನು ಆ ಯಂತ್ರ. ಚೀಲ ಎಲ್ಲಾ ಒಳಗೆ ಹಾಕಿ ಮೂಳೆ ನೋಡ್ತಾರಲ್ಲ, ಅದರೊಳಗೆ ಅವನನ್ನ ಬಿಡಲ್ಲ ಅಂತ ಮೊದಲು ಹಟ ಮಾಡಬೇಕು. ಕೇಳದೇ ಹೋದರೆ ಕಣ್ಣು ಮುಚ್ಚಿಕೊಂಡು ಬಿಡಬೇಕು. ತಿನ್ನೋದಕ್ಕೆ ಥೇಪ್ಲಾ, ಖಾಖ್ರಾ, ಸುಖ್ಡಿ, ಒಂದು ಡಬ್ಬಿ ಛುಂದೋ. ನಾಲ್ಕೂ ಜನಕ್ಕೆ ಸಾಕಾಗುತ್ತೆ.

ನಾಲ್ಕು ಅಂದೆನಾ? …ಲಾಲ್ಜಿ ಎರಡು ಸಲ ತಿಂತಾನಲ್ಲ, ಅದಕ್ಕೆ.

ಪಾಸ್‌ಪೋರ್ಟ್? ಯಾರದು, ನನ್ನದಾ? ಅದೆಲ್ಲಿ ಬಂತು ಈಗ? ಇದೆ, ಇದ್ದೇ ಇದೆ. ನಿನ್ನ ನಾದಿನಿಯ ಹೆರಿಗೆಗೆ ಅಂತ ಮಾಡಿಸಿದ್ದು, ಇಂಗ್ಲೆಂಡಿನ ಲೆಸ್ಟರಿಗೆ ಹೋಗಬೇಕಿತ್ತು. ಅಷ್ಟರಲ್ಲಿ ಶ್ರಾವಣ ಬಂತು. ಉಯ್ಯಾಲೆ ಸೇವೆ ಬಿಟ್ಟು ಹೇಗೆ ಹೋಗೋದು? ಒಂದು ಮುದ್ರೆ ಬಿದ್ದಿಲ್ಲ, ಮಡಿಕೆ ಬಿಚ್ಚದ ಸೀರೆ ಹಾಗಿದೆ. ಅವಧಿ ಇನ್ನೂ ಬೇಕಾದಷ್ಟಿದೆ, ಮೊನ್ನೆ… ಕಪಾಟು ಒರೆಸುವಾಗ ಕಣ್ಣಿಗೆ ಬಿತ್ತು.

ಬಾಲಿಯಲ್ಲಿ ಇನ್ನೊಂದಿದೆ. ಸಮುದ್ರದೊಳಗೆ ಬಂಡೆ, ಬಂಡೆ ಮೇಲೆ ಗುಡಿ. ಅದರ ಹಿಂದೆ ಸೂರ್ಯ ಮುಳುಗೋದನ್ನ ನೋಡೋಕೆ ಜನ ಸೇರ್ತಾರೆ. ಅದನ್ನ ಮಾತ್ರ ಯಾವ ಕಾರಣಕ್ಕೂ ತೆಗೀಬೇಡ. ಮೌಂಟ್ ಅಬುವಿನಲ್ಲೂ ಅಂಥದ್ದೊಂದು ಜಾಗ ಇದೆ ನೋಡು. ಮದುವೆಯಾದ ಹೊಸದರಲ್ಲಿ ನಿನ್ನ ಮಾವನವರ ಕಡೆಯವರೆಲ್ಲ ಹೋಗಿದ್ವಿ. ಲಾಲ್ಜಿ ಬುಟ್ಟಿಯಲ್ಲಿ ಜೊತೆಗೇ ಇದ್ದ. ಎಲ್ಲರೂ ಸೂರ್ಯಾಸ್ತ ನೋಡೋಕೆ ಹೊರಟರು. ಅದೇ ಹೊತ್ತಿಗೆ ಅವನಿಗೆ ರಾತ್ರಿ ಊಟ ಇಡಬೇಕು, ಮಲಗಿಸಬೇಕು. ಹೊಸ ಸೊಸೆ ನಾನು. ಉಳಿದೆ. ಧರ್ಮಶಾಲೆಯಿಂದ ಆ ಜಾಗ ಹತ್ತಿರವೇ. ಪೂರಿ ಕರೀತಾ ಇದ್ದೆ, ಅಷ್ಟೂ ಜನ ಒಟ್ಟಿಗೇ ‘ಓಹೋ…’ ಅಂದಿದ್ದು ಕೇಳಿಸಿತು. ಅಷ್ಟೇ. ಅಬುವಿನ ಸೂರ್ಯಾಸ್ತವನ್ನ ಕಿವಿಯಲ್ಲಿ ನೋಡಿದವಳು ನಾನು! ಹ್ಹ ಹ್ಹ. ನಗು ಬರುತ್ತಲ್ವಾ?

ಈಗ ಯಾಕೆ ನಗ್ತಿಲ್ಲ?

ಏನು? ‘ಸರಿ ಮಮ್ಮೀ’ ಅಂದೆಯಾ? ಒಪ್ಪಿಕೊಂಡೆಯಾ? ಲಾಲ್ಜಿ ಬರ್ತಾನಾ? ಬೇಟಾ, ಬಂಗಾರ ಕಣೇ ನೀನು! ಕುಮುದಬೆನ್‌ಗೆ ಯಾವತ್ತೂ ಹೇಳ್ತಿರ್ತೀನಿ, ನನ್ನ ಸೊಸೆ ಬಾಯಿ ಚೂಪು, ಮನಸ್ಸು ಮಾತ್ರ… ಎಲ್ಲಿಗೆ ಎದ್ದೆ? ಬುಟ್ಟಿ ಯಾಕೆ ಇಳಿಸ್ತಿದ್ದೀಯ? ಹೋ, ಪ್ರಯಾಣದ ಬುಟ್ಟಿ. ಈಗಲೇ ಒರೆಸಿ ಇಡ್ತೀಯಾ? ಇಡು, ಇಡು.

ಯಾರು ಎತ್ತಿಕೊಳ್ತಾರೆ ಅಂದೆ? ನೀನಾ?

ನೀನು, ಕೇಯೂರ್, ಲಾಲ್ಜಿ. …ಹ್ಞಂ. ಸೇವೆ ಎಲ್ಲಾ ನೀನೇ ಮಾಡ್ತೀಯಾ? ನಾನು ಇಲ್ಲೇ ಇರಬಹುದಾ, ಬೆಳಿಗ್ಗೆ ಬೇಗ ಏಳೋದೂ ಬೇಡ, ಒಂದು ವಾರ ಆರಾಮ. ಇಲ್ಲ ಇಲ್ಲ, ಒಳ್ಳೇದೇ. ಬಹಳ ಒಳ್ಳೇದು. ನಾನು ಕೇಳಿದ್ದೂ ಅದನ್ನೇ ಅಲ್ವಾ? ಅದನ್ನೇ ಕೇಳಿದ್ದು.

ಆದರೆ ಅವನ ಪೇಟ? ನೀನು ಕಟ್ಟಿದರೆ ರಿಕ್ಷಾದವನು ಬೆವರೊರೆಸಿ ತಲೆಗೆ ಸುತ್ತಿಕೊಂಡ ಟವೆಲಿನ ಹಾಗಿರುತ್ತೆ. ಬೆಳಿಗ್ಗೆ ಹೊಗಳಿದೆ, ಹೌದು, ನೀನು ಎದುರಿಗಿದ್ದೆ ಅಂತ ಹೊಗಳಿದೆ! ಮತ್ತೆ ಜೋಗುಳ? ನನ್ನ ದನಿ ಕೇಳದೇ ಅವನಿಗೆ ನಿದ್ದೆ ಬರಲ್ಲ. ಫೋನಿನಲ್ಲಿ ಹಾಡಬಹುದಾ? ಹಾಡಬಹುದು… ನೀರು ಬದಲಾದರೆ ನೆಗಡಿ ಆಗುತ್ತೆ ಅವನಿಗೆ. ಆಗಲ್ವಾ? ಎಲ್ಲದಕ್ಕೂ ಒಂದೊಂದು ಉತ್ತರ ಇಟ್ಟುಕೊಂಡೇ ಕೂತಿದ್ದೀಯಲ್ಲ.

ಆ ಪೆಟ್ಟಿಗೆ ಬೇಡ. ಬಿಜಲ್, ಶೃಂಗಾರದ ಪೆಟ್ಟಿಗೆ ಮುಟ್ಟಬೇಡ, ಅವನ ಬಟ್ಟೆ ನಾನೇ ಆರಿಸಿಕೊಡ್ತೀನಿ… ಬೇಡ ಅಂದರೆ ಬೇಡ! ಬುಡದಲ್ಲಿ ಏನೂ ಇಲ್ಲ, ಹಳೇ ಜರಿ…

ಹ್ಞಾ. ಅದು.

ಅದು ಕಪ್ಪು ಕನ್ನಡಕ.

ಲಾಲ್ಜಿದೇ. ಮತ್ತೆ ಯಾರದು? ಡಾಕೋರಿನಲ್ಲಿ ಠಾಕೋರ್ಜಿಗೆ ಅಂತ ಪುಟ್ಟ ಪುಟ್ಟ ಕನ್ನಡಕ ಮಾರ್ತಾರಲ್ಲ, ನೀನೇ ನೋಡಿದ್ದೀಯ. ವಿದೇಶದ ಬಿಸಿಲು, ಮಗು ಕಣ್ಣು ಅಂತ ಒಂದು ತಂದೆ. ಅಂಗಡಿಯವನು ಅಳತೆ ತಪ್ಪಿಸಿ ಕೊಟ್ಟ. ಸ್ವಲ್ಪ ದೊಡ್ಡದಾಯ್ತು.

ಸ್ವಲ್ಪ.

ಏನಾದರೂ ಅನ್ನು ಬಿಜಲ್. ನಗು ಬೇಕಾದರೆ. ಇಷ್ಟು ಹೊತ್ತು ನಕ್ಕೆಯಲ್ಲ, ಈಗೇನಾಯ್ತು ನಿನಗೆ? ಬಾಯಲ್ಲಿ ಮುಖವಾಸದ ಸೋಂಪು ಇಟ್ಟುಕೊಂಡವಳ ಹಾಗೆ… ಬೇಕಂತಲೇ ಮಾಡ್ತಿದ್ದೀಯ ನೀನು. ಸುಮ್ಮನಿದ್ದು ಸುಮ್ಮನಿದ್ದು ಜನರ ಬಾಯಿಂದ ಮಾತು ಕೀಳ್ತೀಯ.

ಸೂರ್ಯನ್ನ ಬರಿಗಣ್ಣಲ್ಲಿ ನೋಡಬಾರದು ಅಂತಾರೆ, ಅದಕ್ಕೆ ತಂದೆ.

ಅಲ್ಲ, ಲಾಲ್ಜಿಗೆ ಕುಮುದಬೆನ್ ಮನೆಯೇ ಸರಿ ಅಂತ ನನಗೂ ಗೊತ್ತು. ಅವಳ ಮನೆಯ ಲಾಲ್ಜಿ ಜೊತೆ ಆಡಿಕೊಂಡಿರ್ತಾನೆ, ಅವಳ ಕೈಯ ಪೇಟ ನನ್ನದಕ್ಕಿಂತ ಚೆನ್ನಾಗಿರುತ್ತೆ. ಒಂದು ವಾರ ನೋಡಿಕೊಳ್ಳೋಕೆ ಒಪ್ಪಿದ್ದಾಳೆ ಅವಳು. ಹೋಳಿ ಹೊತ್ತಿಗೇ ಕೇಳಿಟ್ಟಿದ್ದೆ. ಅಂದರೆ ನೀವೇನಾದರೂ ನನ್ನನ್ನ… ನೀವು ಕೇಳಿದರೆ ಅಂತ. ಕೇಳಲಿಲ್ಲ. ತಪ್ಪೇನಿಲ್ಲ ಬೇಟಾ. ನಾನೇ ತಾನೇ ಇಷ್ಟು ವರ್ಷ ಊರೆಲ್ಲಾ ಹೇಳಿಕೊಂಡು ಬಂದಿದ್ದು, ನನಗೆ ಎಲ್ಲಿಗೂ ಹೋಗೋ ಆಸೆ ಇಲ್ಲ ಅಂತ. ನಿಮಗೇನು ಕನಸು ಬೀಳುತ್ತಾ? ಗಂಡ ಹೆಂಡತಿ ಮೊದಲ ಸಲ ಹೋಗ್ತಿದ್ದೀರ, ಮಧ್ಯೆ ನಾನೊಬ್ಬಳು ಥೇಪ್ಲಾ ಡಬ್ಬಿ ಹಿಡ್ಕೊಂಡು… ಬಿಡು. ಪೆಟ್ಟಿಗೆ ಮುಚ್ಚು. ನಾಲ್ಕಾಗ್ತಾ ಬಂತು, ಅವನನ್ನ ಎಬ್ಬಿಸಬೇಕು.

ಏಯ್… ಏನು ಮಾಡ್ತಿದ್ದೀಯ? ಬಿಡೇ, ಮೂಗಿನ ಮೇಲೆ… ಕಿವಿ, ಕಿವಿಯ ಬುಗುಡಿ ಸಿಕ್ಕಿಕೊಂಡಿತು, ನಿಧಾನ! ಅಯ್ಯೋ, ಕತ್ತಲೆ! ಇಲ್ಲ, ಕತ್ತಲೆ ಅಲ್ಲ… ಎಲ್ಲಾ ಸಂಜೆ ಆದ ಹಾಗಿದೆ.

ಅದ್ಯಾಕೆ ತೆಗೀತಿದ್ದೀಯ? ಆ ಕನ್ನಡಿ ಠಾಕೋರ್ಜಿದು ಬಿಜಲ್! ಶೃಂಗಾರ ಆದಮೇಲೆ ಅವನಿಗೆ ತೋರಿಸೋ ಕನ್ನಡಿ. ಮನುಷ್ಯರು ಅದರಲ್ಲಿ ಮುಖ ನೋಡಿಕೊಳ್ಳೋ ಹಾಗಿಲ್ಲ, ದೊಡ್ಡ ಅಪರಾಧ, ನಾನು ಈ ಮನೆಗೆ ಬಂದಾಗಿನಿಂದ ಒಂದು ದಿನ… ಒಂದೇ ಒಂದು ದಿನ…

ಅವನ ಪರದೆ ಸರಿಯಾಗಿ ಮುಚ್ಚಿದೆಯಾ ನೋಡು.

ಸ್ವಲ್ಪ ಎತ್ತರಕ್ಕೆ ಹಿಡಿ.