ಎರಡೂ ಕಾಲೂರುವ ಮನೆ

ವೇದಿಕೆಯ ಮೇಲಿರುವ ಸಂಘದ ಅಧ್ಯಕ್ಷರಾದ ರಾಜೇಂದ್ರನ್ ಅವರೇ, ಇಂದು ಸನ್ಮಾನ ಸ್ವೀಕರಿಸಿದ ಗಣಿತ ಶಿಕ್ಷಕಿ ಮುತ್ತುಸೆಲ್ವಿ ಅವರೇ, ಪೆರಿಯಕುಳಂನ ನನ್ನ ಬಂಧುಗಳೇ, ಸಭಿಕರೇ,

ನಾನು ಪಂಪ್‌ಸೆಟ್ ಎಂಜಿನಿಯರ್. ಭಾಷಣ ನನ್ನ ಕಸುಬಲ್ಲ. ಟೀಚರಿಗೆ ನಮ್ಮ ಮನೆಮಾತಾದ ಕನ್ನಡ ಬಾರದು. ಪಕ್ಕದಲ್ಲಿ ಕುಳಿತ ನನ್ನ ಮಗಳು ಅಭಿರಾಮಿ ಅವರಿಗೆ ತಮಿಳಿನಲ್ಲಿ ಹೇಳುತ್ತಿದ್ದಾಳೆ. ನಾನು ತಪ್ಪಿದರೆ ಅವಳು ತಿದ್ದಿಯೇ ಹೇಳುತ್ತಾಳೆ, ಚಿಂತೆಯಿಲ್ಲ.

ಕಳೆದ ವರ್ಷ ದಿಂಡಿಗಲ್‌ನಲ್ಲಿ ಶಿಕ್ಷಕರಿಗೆ ತರಬೇತಿ ನಡೆಯಿತು. ಮಕ್ಕಳನ್ನು ದಿನವೂ ಆಡಿಸಬೇಕು ಎಂದರು. ಎಲ್ಲರೂ ಒಂದೊಂದು ಸೀಟಿ ತಂದರು. ಸೀಟಿ ಊದಿದರೆ ಮಕ್ಕಳು ಆಡುತ್ತಾರೆಯೇ? ಸಾಲಾಗಿ ನಿಂತರು. ಎತ್ತರದ ಪ್ರಕಾರ ನಿಂತರು. ಸರದಿ ಬರುವ ಮೊದಲೇ ಗಂಟೆ ಹೊಡೆಯಿತು. ಖಾಲಿ ಪಂಪು ಸದ್ದು ಮಾಡುತ್ತದೆ, ನೀರೆತ್ತುವುದಿಲ್ಲ. ಮೊದಲು ನಾವೇ ಒಂದಿಷ್ಟು ನೀರು ಹುಯ್ಯಬೇಕು.

ಅಭಿರಾಮಿ ಆ ಸಾಲಿನಲ್ಲೂ ಇರಲಿಲ್ಲ. ಬೇವಿನ ಕೆಳಗೆ ಕುಳಿತಿರುತ್ತಿದ್ದಳು. ಅವಳ ತಾಯಿ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ… ಇರಲಿ.

ಒಂದು ದಿನ ಶಾಲೆಯ ಬೋರ್‌ವೆಲ್ ಮೋಟಾರು ನೋಡಲು ಹೋಗಿದ್ದೆ. ಟೀಚರು ಸೀಟಿಯನ್ನು ಕಿಟಕಿಗೆ ನೇತುಹಾಕಿ, ಒಂದು ಹೆಂಚಿನ ಚೂರು ಹಿಡಿದು ಅವಳ ಬಳಿ ಬಂದರು. “ಪಾಂಡಿ ಎಲ್ಲಾಂ ಮರಂದುಪೋಚ್ಚು ಕಣ್ಣು, ನೀ ಸೊಲ್ಲಿಕುಡು,” ಎಂದರು. ಪಾಂಡಿ, ಅಂದರೆ ನಮ್ಮ ಕುಂಟಾಬಿಲ್ಲೆ, ಮರೆತೇಹೋಗಿದೆ, ನೀನೇ ಹೇಳಿಕೊಡು ಎಂದರು. ಸೀರೆಯ ಸೆರಗು ಸಿಕ್ಕಿಸಿ, ನೆಲದಲ್ಲಿ ಗೆರೆ ಎಳೆದು, ಒಂಟಿ ಕಾಲಿನಲ್ಲಿ ಕುಂಟತೊಡಗಿದರು. ಮಂಡಿ ನೋವಿನವರು!

ಅಭಿರಾಮಿ ನೋಡಿದಳು. ನೋಡಿದಳು. ತಟ್ಟನೆ ಎದ್ದು ಕೂಗಿದಳು: “ಔಟು! ಗೆರೆ ತುಳುದ್ಬುಟ್ರಿ ಟೀಚರೇ, ಔಟು!”

ಟೀಚರಿಗೆ ಅರ್ಥವಾದದ್ದು ಔಟು ಮಾತ್ರ. ಮನೆಯಲ್ಲೂ ನನಗೆ ತಮಿಳಿನಲ್ಲೇ ಉತ್ತರಿಸುವ ಹುಡುಗಿ ಅವಳು. ಆದರೆ ಆ ಆಟವನ್ನು ತಾಯಿ ಕಲಿಸಿದ್ದು ನಮ್ಮ ಮಾತಿನಲ್ಲಿ. ಮೋಟಾರು ಬಿಚ್ಚಿದ್ದ ನಾನು ಸ್ಪ್ಯಾನರ್ ಎಲ್ಲಿಟ್ಟೆನೋ ಇಂದಿಗೂ ತಿಳಿಯದು.

ನಾಳೆ ಪೋಷಕರ ಸಭೆಯಿದೆ. ಪರೀಕ್ಷೆ ಮುಗಿಯುವ ತನಕ ಆಟದ ಅವಧಿಯನ್ನು ಗಣಿತಕ್ಕೆ ಕೊಡಬೇಕೆಂಬ ಸಲಹೆ ಬಂದಿದೆ. ಬೇಡವೆಂದವರು ಯಾರು? ಗಣಿತದ ಟೀಚರೇ! “ಗಣಿತ ಎಲ್ಲಿಗೂ ಓಡಿಹೋಗಲ್ಲ ಸಾರ್, ಮಕ್ಕಳು ಓಡಲಿ,” ಎಂದು ತಮಿಳಿನಲ್ಲಿ ಹೇಳಿದರು. ನಾಳೆ ನಾನು ಅವರ ಪರವಾಗಿ ಕೈ ಎತ್ತುತ್ತೇನೆ. ನೀವೂ ಎತ್ತಬೇಕೆಂದು ಬೇಡುತ್ತೇನೆ. ಏಕೆಂದು ಹೇಳಿ ಮುಗಿಸುತ್ತೇನೆ.

ಪಾಂಡಿಯಲ್ಲಿ ಗೆದ್ದವರಿಗೆ ಒಂದು ಚೌಕ ಮನೆಯಾಗುತ್ತದೆ. ಅಲ್ಲಿ ಅವರು ಮಾತ್ರ ಎರಡೂ ಕಾಲೂರಬಹುದು. ಉಳಿದವರು ದಾಟಿ ಹಾರಬೇಕು, ಅವರಾಗಿ ಬಿಟ್ಟುಕೊಟ್ಟರೆ ಬೇರೆ ಮಾತು. ಕಳೆದ ಭಾನುವಾರ ನಮ್ಮ ಅಂಗಳದಲ್ಲಿ ಅಭಿರಾಮಿ ನನ್ನನ್ನೂ ಕುಂಟಿಸಿದಳು. ಅವಳ ಮನೆಯ ಮುಂದೆ ಬಂದು ನಾನು ತೂರಾಡುತ್ತಿದ್ದೆ. ಅವಳು ಹೇಳಿದಳು: “ಎಷ್ಟೊತ್ತು ಒಂಟಿ ಕಾಲಲ್ಲೇ ನಿಂತಿರ್ತೀಯಪ್ಪಾ? ನಮ್ಮನೇಲಿ ಕಾಲೂರ್ಕೋ.”

ಊರಿಕೊಂಡೆ.

ಟೀಚರೇ, ನಿಮಗೆ ನನ್ನ ಕೃತಜ್ಞತೆಗಳು. ಕೇಳಿದ ನಿಮ್ಮೆಲ್ಲರಿಗೂ ನಮಸ್ಕಾರ.