ಇಂಟರ್ವಲ್‌ವರೆಗೆ ಅಪ್ಪ

ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನಲ್ಲಿ ಕೋಲಾರದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ತಾಯಿ, ಮಗಳು ಕೂತಿದ್ದರು. ಮಗಳು ಮೆಲ್ಲಗೆ ಮಾತು ತೆಗೆದಳು.

"ಅಷ್ಟು ದೂರ ಹೋಗಿ ಥಿಯೇಟರ್ ಬಾಗಿಲಲ್ಲಿ ನಿಂತ್ಕೋತೀಯೇನಮ್ಮ? ಒಳಗೆ ಬಾ."

"ಬೇಡ ಕಣೇ ರಮ್ಯ. ನಿಮ್ಮಪ್ಪ ಸಾಯೋದನ್ನ ಆಸ್ಪತ್ರೇಲಿ ನೋಡಿದ್ದೇ ಸಾಕು. ಇನ್ನು ಸಿನಿಮಾದಲ್ಲಿ ದೆವ್ವ ಬಂದು ಅವರ ಹೊಟ್ಟೆ ಬಗೆಯೋದನ್ನೂ ನೋಡ್ಬೇಕಾ?"

"ಆ ಕರುಳು ಮೈದಾ ಹಿಟ್ಟಿಂದು. ರಕ್ತಕ್ಕೆ ಬೆಲ್ಲದ ಪಾಕ ಕಾಸಿ ಬಣ್ಣ ಕಲಸಿದ್ದು ನೀನೇ ಅಲ್ವಾ?"

"ಹೂಂ. ಇರುವೆ ಮುತ್ತಿದ ಅಂಗೀನ ಒಗೆದಿದ್ದೂ ನಾನೇ. ಈ ವಯಸ್ಸಲ್ಲಿ ನಿಮಗೆ ಸಿನಿಮಾ ಯಾಕೆ ಅಂತ ಬೈದೆ. ಅವರು ನಗ್ತಾ ಇದ್ರು."

"ಅಪ್ಪ ಸಾಯೋದು ಇಂಟರ್ವಲ್ ಆದ್ಮೇಲಂತೆ. ಸಿನಿಮಾ ತೆಗೆದ ನರೇಶಣ್ಣನೇ ಹೇಳ್ದ. ಅದಕ್ಕೆ ಮುಂಚೆ ಎಲ್ಲಾ ಮನೇಲಿ ನಡೆಯೋದೇ. ಮಗಳ ಪಾರ್ಟು ಮಾಡಿರೋ ಹುಡುಗಿ ಜೊತೆ ಜಗಳ ಆಡ್ತಾರೆ, ಆಮೇಲೆ ಊಟಕ್ಕೆ ಕರೀತಾರೆ."

"ದನಿ ಅವರದ್ದೇನಾ, ಬೇರೆಯವರದ್ದಾ?"

"ಅವರದ್ದೇ. ನಮ್ಮ ಫೋನಲ್ಲಿ ಅವರ ದನಿ ಒಂದು ಚೂರೂ ಇಲ್ವಲ್ಲಮ್ಮ."

ತಾಯಿ ಮಗಳ ಕಡೆ ತಿರುಗಿ ಕೂತರು.

"ಆ ಹುಡುಗೀನ ಏನಂತ ಕರೀತಾರೆ?"

"ನರೇಶಣ್ಣ ಏನೋ ಹೆಸರು ಹೇಳ್ಕೊಟ್ಟಿದ್ನಂತೆ. ಅಪ್ಪ ಮರೆತು, ನನ್ನ ಕರೆಯೋ ಹಂಗೇ 'ಬಂಗಾರೂ' ಅಂದ್ಬಿಟ್ರಂತೆ. ಹಂಗೇ ಇಟ್ಕೊಂಡಿದ್ದಾರೆ."

ಬಸ್ಸು ಬಂತು. ಮಗಳು ಎದ್ದು ತಾಯಿಯ ಕೈ ಹಿಡಿದುಕೊಂಡಳು.

"ಇಂಟರ್ವಲ್‌ಗೆ ಎದ್ದು ಬಂದ್ಬಿಡೋಣಮ್ಮ."

"ನೀನೇ ಎಬ್ಬಿಸ್ಕೊಂಡು ಬರ್ಬೇಕು ನನ್ನ," ಅಂದರು ತಾಯಿ. "ಅವರು ಮಾತಾಡ್ತಾ ಇದ್ರೆ ನಾನಾಗಿ ಏಳಲ್ಲ."

ಇಬ್ಬರೂ ಬಸ್ಸು ಹತ್ತಿದರು.