ಒಂದು ಮೊರ ತೌಡಿನ ಹೆಸರು

ಮಧುಗಿರಿಯ ಆಸ್ಪತ್ರೆಯಲ್ಲಿ ಹಲ್ಲುನೋವು ಹಿಡಿದು ಕೂತು ಸಾಕಾಗಿದ್ದ ರಂಗಧಾಮಯ್ಯನ ಪಕ್ಕದಲ್ಲಿ ಒಬ್ಬ ಅತ್ತೆ, ಸೊಸೆ, ಚುಚ್ಚುಮದ್ದಿಗೆ ತಂದ ಎಳೆಗೂಸು.

“ನನ್ನೆಸ್ರು ಮಾತ್ರ ಮಗೀಗೆ ಇಕ್ಬ್ಯಾಡ ಕಣಮ್ಮ.”

“ಯಾಕತ್ತೆ?”

“ನಮ್ಮವ್ವಂಗೆ ಮುಂಚೆ ಹುಟ್ಟಿದ್ವೆಲ್ಲ ಸತ್ತೋಗಿದ್ವು. ಅದಕ್ಕೆ ನನ್ನ ಪಕ್ಕದ ಮನೆಗೆ ಒಂದು ಮೊರ ತೌಡಿಗೆ ಮಾರಿ, ತಿರ್ಗಾ ಕೊಂಡ್ಕಂಡ್ಲು. ತೌಡಿನ ಬೆಲೆಯದ್ನ ಸಾವು ಮೂಸೂ ನೋಡಲ್ಲ ಅಂತ. ಅಂಗೇ ತೌಡಮ್ಮ ಆದೆ. ಈಗ್ಯಾರಿಕ್ತಾರೆ? ಇಸ್ಕೂಲಲ್ಲಿ ನಗ್ತಾರೆ.”

“ನೀನು ಉಳ್ಕಂಡೆ ತಾನೆ?”

“ಅದೇನು ಹೆಸ್ರಿಂದಾನಾ?”

“ಒಳ್ಳೊಳ್ಳೆ ಹೆಸ್ರಿಕ್ಕಿದ್ದ ನನ್ನವು ಎಲ್ಡೂ ಉಳೀಲಿಲ್ವಲ್ಲತ್ತೆ.”

ಅತ್ತೆ ಕೂಸಿನ ಕುಲಾವಿ ಸರಿಮಾಡಿದಳು.

“ತೌಡಮ್ಮ!” ಒಳಗಿನಿಂದ ನರ್ಸ್ ಕೂಗಿದಳು. ಬೆಂಚಿನವರೆಲ್ಲ ನಕ್ಕರು, ರಂಗಧಾಮಯ್ಯನಿಗೆ ನಗು ಬರಲಿಲ್ಲ. ಮುದುಕಿ ಮಂಡಿಗೆ ಕೈಯೂರಿ ಏಳಹೋದಳು.

“ನೀನು ಕುಂತ್ಕಳತ್ತೆ,” ಸೊಸೆ ಕೂಸನ್ನೆತ್ತಿಕೊಂಡು ಎದ್ದಳು. “ಮಗೀನ ಕರೀತಾವ್ರೆ.”